ಗೇರಿನ ದೀಪಕ್ಕೆ ಟಿಕಳಿ ಹಚ್ಚಿದ ಚನ್ನಬಸವ

ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಚನ್ನಬಸವನ ಮನೆಯಲ್ಲಿ ಒಂದು ಹಳೆಯ ಕಾರು ಇದೆ. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಅಂಥದ್ದನ್ನೇ ಹುಡುಕಿ ತಂದದ್ದು ಹೆಂಡತಿ ರೇಣುಕಾಳಿಗಾಗಿ. ಚಿಕ್ಕಂದಿನಿಂದ ಅವಳ ಎಡಗಾಲಿಗೆ ಬಲವಿಲ್ಲ. ಹರಪನಹಳ್ಳಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಮೊದಲೆಲ್ಲ ಚನ್ನಬಸವ ಕುರಿ ಮೇಯಿಸಿ ಬಂದು ಬೈಕಿನಲ್ಲಿ ಕರೆದೊಯ್ಯುವವರೆಗೂ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಈಗ ತಾನೇ ಕೀಲಿ ಹಿಡಿದು ಹೋಗುತ್ತಾಳೆ. ಬರುವಾಗ ಅತ್ತೆ ಪಾಲಮ್ಮನಿಗೆ ಬಿಸಿ ಮಿರ್ಚಿ ತರುತ್ತಾಳೆ.

ಒಂದು ಬೆಳಿಗ್ಗೆ ಚನ್ನಬಸವ ಕಾರನ್ನು ಷೆಡ್ಡಿನಿಂದ ಹೊರಗೆ ತೆಗೆದ. ಮೀಟರಿನ ಮೂಲೆಯಲ್ಲಿ ಹಲ್ಲುಚಕ್ರದ ಚಿತ್ರವಿದ್ದ ಹಳದಿ ದೀಪವೊಂದು ಹೊತ್ತಿಕೊಂಡೇ ಉಳಿಯಿತು. ಪಕ್ಕದ ಮನೆಯ ಹಾಲೇಶಪ್ಪನನ್ನು ಕರೆದು ತೋರಿಸಿದ.

"ಹಳೇ ಗಾಡಿ ಅಂದಮ್ಯಾಲೆ ಇವೆಲ್ಲ ಇದ್ದದ್ದಪ. ಬ್ಯಾಟರಿ ವೈರು ಬಿಚ್ಚಿ ಮತ್ತ ಹಾಕು, ಆರಿ ಹೋಗ್ತತಿ" ಎಂದ ಹಾಲೇಶಪ್ಪ.

ಬಿಚ್ಚಿ ಹಾಕಿದರು. ದೀಪ ಆರಿತು. ಮರುದಿನ ಮತ್ತೆ ಹೊತ್ತಿತು.

ಅಂದು ಅತ್ತೆ ಪಾಲಮ್ಮನನ್ನು ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ದರ್ಶನಕ್ಕೆ ಕರೆದೊಯ್ಯುವುದಾಗಿ ರೇಣುಕಾ ಮಾತು ಕೊಟ್ಟಿದ್ದಳು. ಚನ್ನಬಸವ ಅವಳ ಕನ್ನಡಿಯಿಂದ ಹಣೆಗಿಡುವ ಒಂದು ದೊಡ್ಡ ಟಿಕಳಿ ಕಿತ್ತು ತಂದು ದೀಪದ ಮೇಲೆ ಅಂಟಿಸಿಬಿಟ್ಟ.

"ಇದೇನ್ರಿ, ನನ್ನ ಟಿಕಳಿ ಇಲ್ಲೈತಿ?" ಎಂದಳು ರೇಣುಕಾ ಕಾರಿನಲ್ಲಿ ಕೂತು.

"ಗಾಡಿಗೆ ದೃಷ್ಟಿ ಆಗಬಾರ್ದು ಅಂತ."

ಅವಳು ನಕ್ಕು, ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ, "ಯಾಕೋ ಗೇರು ಬದಲಾಗೋವಾಗ ಜಗ್ಗಿದಂಗ ಆಗ್ತತಿ ನೋಡ್ರಿ" ಎಂದಳು. "ರಸ್ತೆ ಹಂಗೈತಿ" ಎಂದ ಚನ್ನಬಸವ ಕಿಟಕಿಯ ಆಚೆ ನೋಡುತ್ತ.

ದುರ್ಗದ ಏರಿನ ನಡುವೆ ಇಂಜಿನ್ ಒಮ್ಮೆಲೇ ಭರ್ರೆಂದಿತು. ಆದರೆ ಕಾರು ಮುಂದೆ ಹೋಗಲಿಲ್ಲ. ಗೇರು ತಪ್ಪಿ ಹೋಗಿತ್ತು. ಕಾರು ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. ಹಿಂದೆ ಜನ ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು.

"ಯವ್ವಾ!" ಎಂದು ಚೀರಿದಳು ಪಾಲಮ್ಮ.

ರೇಣುಕಾ ಬ್ರೇಕನ್ನು ಬಲವಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಕಡೆಯ ದೀಪ ಮಿಣುಕಿಸಿದಳು. "ಇಳೀರಿ, ಗಾಲಿಗೆ ಕಲ್ಲು ಕೊಡ್ರಿ!" ಎಂದಳು. ಚನ್ನಬಸವ ಹಾರಿ ಇಳಿದು ಗಾಲಿಯ ಹಿಂದೆ ಕಲ್ಲು ಕೊಟ್ಟ. ಟ್ರ್ಯಾಕ್ಟರ್ ಸ್ವಲ್ಪದರಲ್ಲೇ ನಿಂತಿತು.

ಎಲ್ಲರೂ ಇಳಿದು ಬದಿಗೆ ನಿಂತ ಮೇಲೆ ಅವನು ತಾನಾಗಿಯೇ ಟಿಕಳಿ ಕಿತ್ತು ತೋರಿಸಿದ. "ನಿನ್ನೆಯಿಂದ ಉರೀತೈತಿ. ಗೇರ್‌ಬಾಕ್ಸ್ ಹೋಗೇತಿ ಅಂದ್ರ ಗಾಡಿ ಮಾರಬೇಕಾಗ್ತತಿ. ನೀನು ಮತ್ತ ನನ್ನ ದಾರಿ ಕಾಯ್ಕಂತ ಕುಂದ್ರಬೇಕು. ಅದನ್ನ ನೋಡಾಕ ನನ್ನ ಕೈಲಾಗಲ್ಲ ಅಂತ ಮುಚ್ಚಿದೆ."

ರೇಣುಕಾ ಟಿಕಳಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಆಮೇಲೆ, "ನನ್ನ ಸಲುವಾಗಿ ಮುಚ್ಚಿದ್ರಿ, ಖರೆ. ಆದ್ರ ನನಗೇ ಕಾಣದಂಗ ಮುಚ್ಚಿದ್ರಲ್ಲ" ಎಂದಳು.

"ಲೇ ಚನ್ನ, ಕುರಿ ಕೆಮ್ಮಿದ್ರ ಅದರ ಬಾಯಿ ಕಟ್ತೀಯೇನಲೇ?" ಎಂದು ಗದರಿದಳು ಪಾಲಮ್ಮ.

ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆಯಲು ಬಂದ. ಅಷ್ಟರಲ್ಲಿ ರೇಣುಕಾ ಹರಪನಹಳ್ಳಿಯ ಗ್ಯಾರೇಜಿನ ಗವಿಸಿದ್ದೇಶನಿಗೆ ಫೋನ್ ಮಾಡಿದ್ದಳು. ಅವನು ಚನ್ನಬಸವನ ಜೊತೆ ಶಾಲೆ ಕಲಿತವನು. "ಅಕ್ಕಾ, ಹಗ್ಗ ಬ್ಯಾಡ್ರಿ. ಗೇರು ತಾನೇ ಬದಲಾಗೋ ಇಂಥ ಗಾಡಿನ ಹಂಗ ಎಳದ್ರ ಇದ್ದ ಗೇರ್‌ಬಾಕ್ಸೂ ಕೆಡಬಹುದು. ನಾನು ಹೊತ್ಕೊಂಡು ಬರೋ ಗಾಡಿ ತರ್ತೀನಿ" ಎಂದ.

ಗ್ಯಾರೇಜಿನಲ್ಲಿ ಅವನು ಸ್ಟೇರಿಂಗಿನ ಕೆಳಗೆ ಸಣ್ಣದೊಂದು ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ದೋಷ ತಿಳಿಸುವ ಒಂದು ಕೋಡ್ ಮೂಡಿತು.

"ಯಾವ ಗೇರಿನ್ಯಾಗ ಐತಿ ಅಂತ ತಿಳಿಸೋ ಸೆನ್ಸರಿಂದ ಸುದ್ದಿ ಬರವಲ್ದು" ಎಂದ ಗವಿಸಿದ್ದೇಶ.

"ಅಂದ್ರ ಗೇರ್‌ಬಾಕ್ಸ್ ಹೋತು?" ಎಂದು ಕೇಳಿದ ಚನ್ನಬಸವ.

"ತಡಿಯಲೇ. ಕೋಡ್ ಊರು ತೋರಿಸ್ತತಿ, ಮನಿ ನಾವು ಹುಡುಕಬೇಕು. ಕೋಡ್ ಬಂತು ಅಂತ ಸಾಮಾನು ಬದಲು ಮಾಡಬಾರ್ದು."

ಅವನು ಬ್ಯಾಟರಿ ನೋಡಿದ, ಗೇರಿನ ಆಯಿಲ್ ನೋಡಿದ, ಕೆಳಗೆ ಎಲ್ಲಾದರೂ ಸೋರಿದೆಯೇ ಎಂದು ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ವೈರಿನ ಜಾಡು ಹಿಡಿದು ಹೋಗಿ ಕೂಗಿದ: "ಅಕ್ಕಾ, ಬರ್ರಿ ಇಲ್ಲಿ! ಇಲಿ ಕಡದೈತಿ."

ವೈರಿನ ಮೇಲೆ ಹಲ್ಲಿನ ಗುರುತು ಇತ್ತು. ವೈರು ಒಂದೇ ಎಳೆಯ ಮೇಲೆ ನಿಂತಿತ್ತು. ಗಾಡಿ ಕುಲುಕಿದಾಗ ಸೆನ್ಸರಿನ ಸುದ್ದಿ ತಪ್ಪಿ, ಗೇರೂ ತಪ್ಪುತ್ತಿತ್ತು. ಚನ್ನಬಸವನ ಷೆಡ್ಡಿನಲ್ಲಿ ಕಾರಿನ ಪಕ್ಕಕ್ಕೇ ಮೆಕ್ಕೆಜೋಳದ ಚೀಲಗಳಿದ್ದವು. ಕಾಳಿಗೆ ಬಂದ ಇಲಿಗಳು ಬೆಚ್ಚಗಿನ ಇಂಜಿನ್ ಹೊಕ್ಕಿದ್ದವು.

"ಹಂಗಾರ ಬ್ಯಾಟರಿ ಬಿಚ್ಚಿದಾಗ ದೀಪ ಹೆಂಗ ಆರಿತು?" ಎಂದ ಚನ್ನಬಸವ.

"ಬ್ಯಾಟರಿ ಬಿಚ್ಚಿದ್ರ ಗಾಡಿ ಕೋಡ್ ಮರೀತತಿ, ಅಷ್ಟ. ದೀಪ ಆರಿತು, ವೈರು ಕೂಡಿತಾ? ಮೊದಲನೇ ದಿನ ಫೋನ್ ಮಾಡಿದ್ರ ಆ ಏರಿನ್ಯಾಗ ಅವ್ವ ಹಂಗ ಹೆದರ್ತಿದ್ದಿಲ್ಲ ನೋಡು."

ಗವಿಸಿದ್ದೇಶ ವೈರು ಕೂಡಿಸಿ ಮೇಲೆ ಕವಚ ಹಾಕಿದ. ಕೋಡ್ ಅಳಿಸಿದ. ತಾನೇ ಓಡಿಸಿ ನೋಡಿ ಬಂದು ಮತ್ತೆ ಸ್ಕ್ಯಾನರ್ ಚುಚ್ಚಿದ. ಕೋಡ್ ಬರಲಿಲ್ಲ. ಆಮೇಲೇ ಕೀಲಿಯನ್ನು ರೇಣುಕಾಳ ಕೈಗೆ ಕೊಟ್ಟ.

ಚನ್ನಬಸವ ಅಂದೇ ಚೀಲಗಳನ್ನು ಒಳಮನೆಗೆ ಹೊತ್ತು ಹಾಕಿದ. ಬ್ಯಾಟರಿ ಬಿಚ್ಚಲು ಹೇಳಿದ್ದ ಹಾಲೇಶಪ್ಪ ತಾನೂ ಬಂದು ಎರಡು ಚೀಲ ಹೊತ್ತ. ಮರುದಿನ ಮೂವರೂ ಮತ್ತೆ ಉಚ್ಚಂಗಿದುರ್ಗಕ್ಕೆ ಹೊರಟರು. ಏರು ಬಂದಾಗ ಪಾಲಮ್ಮ ಸೊಸೆಯ ಹೆಗಲ ಮೇಲೆ ಕೈಯಿಟ್ಟಳು. ಕಾರು ಸಲೀಸಾಗಿ ಏರಿತು.

"ಇನ್ನು ಏನು ಕಂಡ್ರೂ ಮೊದಲು ನಿನಗ ಹೇಳ್ತೀನಿ" ಎಂದ ಚನ್ನಬಸವ.

"ಹೇಳ್ರಿ. ಇಬ್ರೂ ಕೂಡಿ ಹೆದರೋಣ" ಎಂದು ನಕ್ಕಳು ರೇಣುಕಾ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾರಿನಲ್ಲೂ ಗೇರಿನ ದೀಪ ಹೊತ್ತಿಕೊಂಡೇ ಉಳಿದರೆ ಅದನ್ನು ಮುಚ್ಚಬೇಡಿ, ಬ್ಯಾಟರಿ ಬಿಚ್ಚಿ ಆರಿಸಲೂ ಬೇಡಿ. ಸಮತಟ್ಟಾದ ಜಾಗ ನೋಡಿ ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಆ ದೀಪದ ಅರ್ಥ ನೋಡಿ, ಬಲ್ಲ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಗೇರು ಜಗ್ಗಿದರೆ, ತಪ್ಪಿದರೆ, ಕೆಳಗೆ ಎಣ್ಣೆ ಸೋರಿದರೆ ಒಂದು ಮಾರೂ ಮುಂದೆ ಓಡಿಸಬೇಡಿ. ಸಾಮಾನು ಬದಲಿಸಬೇಕೆಂದರೆ ಯಾಕೆ ಎಂದು ಕೇಳಿ, ಕೆಟ್ಟದ್ದನ್ನು ಕಣ್ಣಾರೆ ನೋಡಿ. ಮತ್ತೆ, ಆ ಕಾರು ಓಡಿಸುವವರಿಗೆ ಮೊದಲು ಹೇಳಿ. ನಿಮ್ಮ ಪ್ರೀತಿಯವರು ಕೂತಿರುವುದು ಅದರೊಳಗೇ.