ಉತ್ತರ ಬೇಡದ ಚೀಟಿ

ಮೊದಲ ಚೀಟಿಯಲ್ಲಿ ಮೊಡವೆಗೆ ಮದ್ದು ಕೇಳಿದ್ದರು. ಎರಡನೆಯದರಲ್ಲಿ, ಪರೀಕ್ಷೆಯ ದಿನ ಹೊಟ್ಟೆ ಯಾಕೆ ತೊಳಸುತ್ತದೆ ಎಂದು. ಮೂರನೆಯದನ್ನು ಆರೋಗ್ಯದ ಟೀಚರ್ ಎರಡೆರಡು ಸಲ ಓದಿ, ಸ್ಟಾಫ್ ರೂಮಿನ ಗಡಿಯಾರ ನೋಡಿದರು. 'ಸೋಮವಾರ ಕೊನೇ ಬೆಲ್ ಆದ್ಮೇಲೆ ನಾನು ಇರಲ್ಲ. ಉತ್ತರ ಬೇಡ.' ಇವತ್ತೇ ಸೋಮವಾರ. ಮೂರು ಗಂಟೆ ದಾಟಿತ್ತು. ಕೊನೆಯ ಬೆಲ್ ನಾಲ್ಕಕ್ಕೆ.

ಚೀಟಿ ಹಿಡಿದು ಹೆಡ್‌ಮಿಸ್ ಕೋಣೆಗೆ ಓಡಿದರು.

"ಒಂಬತ್ತನೇ ಕ್ಲಾಸಿನ ಪ್ರಶ್ನೆ ಡಬ್ಬೀಲಿ ಸಿಕ್ತು ಮೇಡಂ. ಶುಕ್ರವಾರ ಹಾಕಿದ್ದು."

ಹೆಡ್‌ಮಿಸ್ ಕನ್ನಡಕ ಏರಿಸಿಕೊಂಡರು. "ಅಯ್ಯೋ ದೇವರೇ! ಅವರ ನೋಟ್ಸ್ ತರಿಸ್ರೀ, ಅಕ್ಷರ ಪಕ್ಕಕ್ಕಿಟ್ಟು ನೋಡೋಣ."

"ಗೊತ್ತಾಗಲ್ಲ ಮೇಡಂ. ಎಲ್ಲರೂ ಎಡಗೈಲಿ ಬರೀಬೇಕು, ಎಡಚರು ಬಲಗೈಲಿ ಅಂತ ನಾನೇ ಹೇಳಿದ್ದೆ."

ಅದು ಅವರದೇ ಉಪಾಯ. ಯಾರು ಕೇಳಿದ್ದೆಂದು ಟೀಚರಿಗೂ ತಿಳಿಯಬಾರದು, ಆಗ ಮಾತ್ರ ಮಕ್ಕಳು ಮನಸ್ಸು ಬಿಚ್ಚುತ್ತಾರೆ ಎಂದು. ಮಕ್ಕಳು ಬಿದ್ದು ಬಿದ್ದು ನಗುತ್ತ ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದವು. ಸಾಲದ್ದಕ್ಕೆ, ಶುಕ್ರವಾರವೇ ತೆಗೆಯಬಹುದಾಗಿದ್ದ ಡಬ್ಬಿಯನ್ನು ಸೋಮವಾರ ನೋಡಿದರಾಯಿತು ಎಂದು ಬೀರುವಿಗೆ ಸೇರಿಸಿದ್ದರು. ಎರಡು ದಿನ ಆ ಮಗು ಏನು ಯೋಚಿಸಿತೋ! ಟೀಚರಿಗೆ ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಳ್ಳಬೇಕೆನ್ನಿಸಿತು.

"ಮೂಲೇಲಿ ಕೂರ್ತಾಳಲ್ಲ, ಬಾಯೇ ಬಿಡದ ಹುಡುಗಿ, ಅವಳೇ ಇರ್ಬೇಕು. ಕರೆಸ್ಲಾ?" ಎಂದರು ಹೆಡ್‌ಮಿಸ್.

"ಅವಳಲ್ದಿದ್ರೆ? ಬರೆದಿರೋ ಮಗು ಅದನ್ನ ನೋಡ್ತಾ ಕೂತಿರತ್ತೆ ಮೇಡಂ. ನಾನೇ ಕ್ಲಾಸಿಗೆ ಹೋಗ್ತೀನಿ. ನಾನು ಹೇಳೋ ತನಕ ಬೆಲ್ ಹೊಡೆಸ್ಬೇಡಿ."

ಹಾಜರಿ ಕರೆದರು. ನಲವತ್ತೆರಡು ಮಂದಿಯೂ ಇದ್ದರು.

"ಮಿಸ್, ಇವತ್ತು ಯಾರ ಮೊಡವೆ ಸರದಿ?" ಎಂದ, ಬಾಯಿಗೆ ಬಿಡುವೇ ಕೊಡದೆ ರೇಡಿಯೋ ಎಂದು ಹೆಸರಾದ ಹುಡುಗ. ಇಡೀ ಕ್ಲಾಸು ಗೊಳ್ಳೆಂದಿತು. ಟೀಚರ್ ಒಂದೊಂದೇ ಮುಖ ಹುಡುಕಿದರು. ಎಲ್ಲವೂ ನಗುತ್ತಿದ್ದವು, ಮೂಲೆಯ ಹುಡುಗಿಯದೂ ಸೇರಿ. ಅದನ್ನು ಕಂಡು ಅವರಿಗೆ ಇನ್ನಷ್ಟು ಭಯವಾಯಿತು.

"ಒಂದು ಚೀಟಿ ಓದಿದೆ," ಎಂದರು. "ತಡವಾಗಿ ಓದಿದೆ, ತಪ್ಪು ನನ್ನದು. ಎಲ್ಲರೂ ಡೆಸ್ಕ್ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿ. ಇನ್ನು ಬದುಕಿರೋದೇ ಬೇಡ ಅನ್ನಿಸಿರೋರು ಕೈ ಎತ್ತಿ, ಸಾಕು. ಬೈಯಲ್ಲ ಕಂದಾ. ಒಂಟಿಯಾಗಿ ಎಲ್ಲಿಗೂ ಕಳಿಸಲ್ಲ."

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ತಲೆಗಳು ಒಂದೊಂದಾಗಿ ಡೆಸ್ಕಿಗೆ ಬಾಗಿದವು.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ಕೈ ಎದ್ದಿತು. ಸಿಕ್ಕಿತಲ್ಲ ನನ್ನ ಮಗು, ಎಂದು ಟೀಚರ್ ಉಸಿರು ಬಿಟ್ಟು ಅತ್ತ ಹೆಜ್ಜೆ ಇಟ್ಟರು. ಅಷ್ಟರಲ್ಲಿ ರೇಡಿಯೋನ ಕೈ ಎದ್ದಿತು. ತಮಾಷೆಯಿರಬೇಕೆಂದು ನೋಡಿದರೆ ಅವನ ಬೆನ್ನು ಬಿಕ್ಕುತ್ತಿತ್ತು. ಹಿಂದಿನ ಸಾಲಿನಲ್ಲಿ ಎರಡು. ಬಾಗಿಲ ಬಳಿ ಒಂದು. ಆಮೇಲೆ ಮತ್ತೆರಡು.

ಜವಾನ ಕಿಟಕಿಯಲ್ಲಿ ಇಣುಕಿ, ಹೊಡೀಲಾ ಎಂದು ಸನ್ನೆ ಮಾಡಿದ. ಬೇಡವೆಂದು ಟೀಚರ್ ತಲೆಯಾಡಿಸಿದರು. ಏಳು ಕೈಗಳೂ ಮೇಲೆಯೇ ಇದ್ದವು. ಬಾಗಿಲ ಬಳಿಯ ಕೈ ಸೋತು ನಡುಗತೊಡಗಿತ್ತು. ಕೆಳಗೆ ಬೀಳದಂತೆ ಅದರ ಮೊಣಕೈಯನ್ನು ಆ ಮಗುವಿನದೇ ಇನ್ನೊಂದು ಕೈ ಹಿಡಿದುಕೊಂಡಿತ್ತು.