ಆವಿ ಹೇಳದೆ ಹೋದದ್ದು

ಪ್ಲಾಸ್ಟರಿನ ಮುಖವಾಡದೊಳಗೆ ತನ್ನ ಉಸಿರೇ ಬಿಸಿಯಾಗಿ ತುಟಿಗೆ ಬಡಿಯುತ್ತಿದೆ, ಅದಕ್ಕೆ ವಾಸನೆಯಿಲ್ಲ, ಈಗ ಯಾವುದಕ್ಕೂ ಇಲ್ಲ, ಕಣ್ಣಿಗೆಂದು ಕೊರೆದ ತೂತುಗಳಲ್ಲಿ ಮಾತ್ರ ಲೋಕ ಉಳಿದಿದೆ, ಮೇಲೆ ಕಿರಣ ಬಿಡುವ ಕೋಬಾಲ್ಟ್ ಯಂತ್ರದ ದುಂಡು ಮೋರೆ, ಕವುಚಿಹಾಕಿದ ಪಾಯಸದ ಉರುಳಿಯ ಹಾಗೆ, ಕಪ್ಪು ತಳ — ಬೇಡ, ಅದರ ನೆನಪು ಬೇಡ, ಸತ್ಯವತಿ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದಳು, ಕಾಣುತ್ತದೆ, ಇನ್ನೂ ಕಾಣುತ್ತದೆ, ಅಲುಗಬೇಡಿ ಅಮ್ಮ, ಐರಿನ್ ಪಟ್ಟಿ ಬಿಗಿಯುತ್ತಾಳೆ, ಯಂತ್ರ ನಡೆಸುವ ಹುಡುಗಿ, ಜೆಪ್ಪುವಿನವಳಂತೆ, ಮಾತು ಜಾಸ್ತಿ, ಎಡಗಣ್ಣು ಹೋದರೂ ಬಲದ್ದು ಉಂಟಲ್ಲ, ಧೈರ್ಯ ಮಾಡಿ, ಎಂದುಬಿಟ್ಟಳಲ್ಲ ಈಗಷ್ಟೆ, ಹೋಗುವುದು ಎಂದರೆ ಎಂತ, ಅಯ್ಯೋ ನಿಮಗೆ ಗೊತ್ತಿಲ್ಲವಾ, ಡಾಕ್ಟರು ನಿಮ್ಮ ಯಜಮಾನರ ಹತ್ತಿರ ಎಲ್ಲ ಹೇಳಿದ್ದಾರೆ, ಅವರು ಒಪ್ಪಿದ್ದಾರೆ. ಅವರು ಒಪ್ಪಿದ್ದಾರೆ. ಮೂಗಿನ ಮೇಲುಗಡೆ ಬೆಳೆಯುವ ಇಂಥ ಗಡ್ಡೆ ಬಹಳ ಅಪರೂಪ ಅಂದಿದ್ದರು ಡಾಕ್ಟರು, ಅಮೇರಿಕದಲ್ಲಿ ಕಣಗಳ ಕಿರಣ ಬಿಡುತ್ತಾರಂತೆ, ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತದಂತೆ, ನಮ್ಮದು ಹಾಗಲ್ಲ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮುಟ್ಟಿಕೊಂಡೇ ಆಚೆ ಹೋಗುತ್ತದೆ — ಸಿಕ್ಕಿದ್ದು ಎಂದರೆ ಏನು ಎಂದು ಕೇಳುವ ಮೊದಲೇ ಯಜಮಾನರು, ನೀನು ಹೊರಗೆ ಕೂತಿರು ಅಂದರು, ಕೂತಳು, ತಿಂಗಳು ತಿಂಗಳು ಹಿಂದಿನ ಜಗಲಿಯಲ್ಲಿ ಕೂತು ಅಭ್ಯಾಸ, ಹೇಳಿದಲ್ಲಿ ನಿಲ್ಲುವುದನ್ನು ಅವಳಿಗೆ ಅಮೇರಿಕದವರು ಕಲಿಸಬೇಕಾಗಿರಲಿಲ್ಲ.

ನೈವೇದ್ಯದ ರುಚಿ ನೋಡುವಂತಿಲ್ಲ, ಬಗ್ಗಿ ಮೂಸುವಂತಿಲ್ಲ, ಆವಿಯೇ ಬಂದು ಹೇಳಬೇಕು, ಬೆಲ್ಲ ಕರಗಿತು, ಕಾಯಿಹಾಲು ಕುದಿಯಿತು, ಮದುವೆಯಾಗಿ ಬಂದಂದಿನಿಂದ ಹೇಳಿದ ಆವಿ ಆ ನವರಾತ್ರಿ ಹೇಳಲಿಲ್ಲ, ಕದ್ರಿಯ ಮನೆಯ ದೇವರ ಕೋಣೆಗೆ ಉರುಳಿಯನ್ನೇ ಎತ್ತಿಟ್ಟು ಬಂದಳು, ಯಜಮಾನರು ಮುಚ್ಚಳ ತೆಗೆದರು, ತುಳಸಿ ಹಾಕಿದರು, ಗಂಟೆ ಬಾರಿಸಿದರು, ಊಟಕ್ಕೆ ಬಡಿಸುವಾಗ ಸೌಟಿಗೆ ಸೀದ ಕಪ್ಪು ತಳ ಎದ್ದು ಬಂತು, ದೇವರಿಗೆ ಕರಂಚಿದ ಪಾಯಸ ಇಟ್ಟಿಯಲ್ಲ ಮಾರಾಯ್ತಿ, ನಿನ್ನ ಮೂಗು ಎಂತ ಪೇಟೆಗೆ ಹೋಗಿತ್ತಾ, ಅತ್ತೆ ಮನೋರಮಮ್ಮನ ಮಾತಿಗೆ ಪಂಕ್ತಿಯೇ ನಕ್ಕಿತು, ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು — ಮುಚ್ಚಳ ತೆಗೆದವರು, ಮೂಗು ಸರಿಯಿದ್ದವರು — ಬೇಡವಾದರೆ ಕೈ ಎತ್ತಿ ಎಂದಿದ್ದಳು ಐರಿನ್, ಎತ್ತಿದ್ದು ತನ್ನ ಕೈಯೇ ಎಂದು ಸತ್ಯವತಿಗೆ ಆಮೇಲೆ ತಿಳಿಯಿತು, ಪಟ್ಟಿ ಸಡಿಲವಾಯಿತು, ಅವರನ್ನು ಕರಿ ಮಗಾ, ಬಾಲಚಂದ್ರರು ಬಂದರು, ಚಪ್ಪಲಿ ಹೊರಗೆ ಬಿಟ್ಟು, ಕಣ್ಣಿನ ವಿಷಯ ನನಗೆ ಯಾಕೆ ಹೇಳಲಿಲ್ಲ, ಹೇಳಿದ್ದರೆ ನೀನು ಬರ್ತಿದ್ದಿಯಾ, ಜೀವ ಉಳೀಬೇಕಲ್ಲ ಸತ್ಯ, ಪಾಪ, ಅವರೂ ಸೊರಗಿದ್ದಾರೆ, ಹೂಂ ಅನ್ನಬೇಕೆಂದಿದ್ದಳು, ಬಾಯಿಗೆ ಬಂದದ್ದು ಬೇರೆ, ಅವತ್ತು ಪಾಯಸ ಕರಂಚಿದ್ದು ನಿಮಗೆ ಗೊತ್ತಾಗಿತ್ತಾ, ಅವರು ಐರಿನಳನ್ನು ನೋಡಿದರು, ಗೋಡೆ ನೋಡಿದರು, ಮಂಗಳಾರತಿಗೆ ಹೊತ್ತಾಗಿತ್ತು, ಅಂದರು. ಹೊತ್ತಾಗಿತ್ತು. ಸರಿ, ಕಟ್ಟು ಐರಿನ್, ಅವರು ಹೇಳಿದ್ದಕ್ಕಲ್ಲ, ನಾನು ಹೇಳ್ತಿದ್ದೇನೆ, ಕಟ್ಟು, ಹೆಜ್ಜೆಗಳು ಹೊರಟುಹೋದವು, ದಪ್ಪ ಬಾಗಿಲು ಮುಚ್ಚಿತು, ಕಣ್ಣು ಮುಚ್ಚಿಕೊಳ್ಳಿ ಅಮ್ಮ ಎಂದು ಗೋಡೆಯಾಚೆಯಿಂದ ಸ್ವರ, ಮುಚ್ಚಲಾರಳು, ಎಡಗಣ್ಣು ತೆರೆದೇ ಇದೆ, ಎಲ್ಲೋ ಒಂದು ಗುಂಯ್‌ಗುಡುವಿಕೆ, ಮೇಲೆ ದುಂಡಗೆ, ಹತ್ತಿರ, ಇನ್ನೂ ಹತ್ತಿರ, ಸೌಟಿಗೆ ಎದ್ದು ಬಂದ ಆ ಕಪ್ಪು ತಳ, ಕಪ್ಪು ತಳ, ಕಪ್ಪು