ಒಣಗದ ಗಾರೆ

ಕಮಾನು ಚಾವಣಿ ಕಟ್ಟಿದವನೇ, ಅದರ ಆಸರೆಯ ಮರ ಬಿಚ್ಚುವಾಗ ಕೆಳಗೆ ನಿಲ್ಲಬೇಕು. ಆ ಊರಿನ ಇಗರ್ಜಿಯಲ್ಲಿ ಕಲ್ಲುಕೆಲಸದವರ ಕಟ್ಟಳೆ ಅದು. ಯಾವ ಪುಣ್ಯಾತ್ಮ ಮಾಡಿದನೋ! ಮಾಡಿದವನು ಬಡಗಿಯಂತೂ ಅಲ್ಲ, ಹೆಣ್ಣು ಕೊಟ್ಟ ಮಾವನೂ ಅಲ್ಲ. ಗೊಂಬೇರ್ ಎರಡೂ ಆಗಿದ್ದ. ಅವನು ಮೇಲೆ ಗೋಡೆಯಂಚಿನ ಅಟ್ಟಣೆಯಲ್ಲಿ ಬೆಣೆ ಹೊಡೆಯುವ ಮರದ ಕೊಡತಿ ಹಿಡಿದು ಕೂತಿದ್ದ. ಕೆಳಗೆ ಚಾವಣಿ ಕಟ್ಟಿದ ಅಳಿಯ ಥಿಯೆರಿ ಟೋಪಿ ತೆಗೆದು ನಿಂತಿದ್ದ. ಮಗಳು ಎರ್ಸಾಂಡ್, ತುಂಬು ಬಸುರಿ, ಬಾಗಿಲ ಬಳಿ ಇದ್ದಳು.

ಈ ಮದುವೆ ಗೊಂಬೇರ್‌ಗೆ ಸುತರಾಂ ಇಷ್ಟವಿರಲಿಲ್ಲ. ಕಲ್ಲಿನವರಿಗೆ ಜಂಬ ಜಾಸ್ತಿ ಎನ್ನುವುದು ಅವನ ದೂರು. ಬಡಗಿಯ ಮರದ ಚೌಕಟ್ಟಿನ ಮೇಲೇ ಕಲ್ಲು ಜೋಡಿಸುತ್ತಾರೆ. ಗಾರೆ ಗಟ್ಟಿಯಾಗಿ ಚೌಕಟ್ಟು ಬಿಚ್ಚಿದ ಮೇಲೆ ಮರದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆದಿತ್ತು, ಗಾರೆ ಒಣಗಲು ಬಿಸಿಲೇ ಇರಲಿಲ್ಲ. ಆದರೆ ಹಿಮ ಬೀಳುವ ಮೊದಲು ಅದೇ ಚೌಕಟ್ಟು ಮುಂದಿನ ಅಂಕಣಕ್ಕೆ ಬೇಕೆಂದು ಕೆಲಸದ ಉಸ್ತುವಾರಿಯ ಪಾದ್ರಿ ಫುಲ್ಕ್ ಹಟ ಹಿಡಿದಿದ್ದರು.

ಗೊಂಬೇರ್ ಚೌಕಟ್ಟನ್ನು ಎತ್ತಿ ಹಿಡಿದಿದ್ದ ಬೆಣೆಗಳನ್ನು ತುಸು ಸಡಿಲಿಸಿದ. ಮರ ಕೂದಲೆಳೆಯಷ್ಟು ಇಳಿಯಿತು. ಚಾವಣಿ ತಾನೇ ನಿಂತಿದ್ದರೆ ಮರಕ್ಕೂ ಕಲ್ಲಿಗೂ ನಡುವೆ ಸಂದು ಕಾಣಬೇಕು. ಕಾಣಲಿಲ್ಲ. ಮರದ ಜೊತೆ ಕಲ್ಲೂ ಇಳಿದಿತ್ತು. ಅವನು ಅಟ್ಟಣೆಯಿಂದ ಬಗ್ಗಿ ಅಳಿಯನನ್ನು ಕೂಗಿದ.

"ಸಂದು ಬಿಟ್ಟಿಲ್ಲ ಕಣೋ. ಗಾರೆ ಇನ್ನೂ ಹಸಿ. ಈಚೆ ಬಾ."

"ನಿಮ್ಮ ಮರ ಮಳೇಲಿ ಉಬ್ಬಿರ್ಬೇಕು ಮಾವ. ಹೊಡೀರಿ."

"ನನ್ ಮರದ ಮೇಲೆ ಹಾಕ್ಬೇಡ."

"ಈಗ ನಾನು ಈಚೆ ಬಂದ್ರೆ ನಾಳೆ ಯಾರು ನಂಗೆ ಕೆಲಸ ಕೊಡ್ತಾರೆ? ಹೊಡೀರಿ ಅಂದ್ನಲ್ಲ."

"ಬೇಗ ಮುಗಿಸ್ರಪ್ಪಾ, ಹೊತ್ತು ಹೋಗ್ತಾ ಇದೆ," ಎಂದರು ಫುಲ್ಕ್. ಅವರು ಮಾತ್ರ ಪಕ್ಕದ ಅಂಕಣದಲ್ಲಿ, ಹೋದ ವರ್ಷವೇ ಒಣಗಿದ ಚಾವಣಿಯ ಕೆಳಗೆ ನಿಂತಿದ್ದರು.

ಗೊಂಬೇರ್ ಏಣಿ ಇಳಿದು ಬಂದ. ಕೊಡತಿಯನ್ನು ಅಳಿಯನ ಕೈಗೆ ತುರುಕಿದ.

"ನೀನ್ ಹೋಗಿ ಹೊಡಿ. ನಾನ್ ನಿಲ್ತೀನಿ."

"ಅದು ಕಟ್ಟಳೆ ಅಲ್ಲ ಮಾವ."

"ಚಾವಣಿ ನಿಲ್ಲುತ್ತೆ ಅಂತ ನಿಂಗೆ ನಂಬಿಕೆ ಇದ್ಯಲ್ಲ? ಮತ್ತೇನು? ಹತ್ತು."

ಎಲ್ಲರೂ ನೋಡುತ್ತಿದ್ದರು. ಥಿಯೆರಿ ಹತ್ತಿದ. ಗೊಂಬೇರ್ ಅಳಿಯ ನಿಂತಿದ್ದ ಜಾಗದಲ್ಲೇ ನಿಂತ. ಸುಳ್ಳೇಕೆ, ಅವನಿಗೆ ಭಯವಾಗಿತ್ತು. ಮಗಳ ಕಡೆ ತಿರುಗಲಿಲ್ಲ. ಮೇಲೆ ಥಿಯೆರಿ ಬೆಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಫುಲ್ಕ್ ಕೆಮ್ಮಿದರು.

ಕೊನೆಗೆ ಕೊಡತಿಯ ಪೆಟ್ಟು ಬಿತ್ತು. ಗೊಂಬೇರ್ ಕಣ್ಣು ಮುಚ್ಚಿಕೊಂಡ. ಇನ್ನೊಂದು ಪೆಟ್ಟು. ಬೆಣೆ ಕಳಚುವ ಸದ್ದೇ ಬೇರೆ, ಬಿಗಿಯುವ ಸದ್ದೇ ಬೇರೆ. ಬಡಗಿಯ ಕಿವಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಥಿಯೆರಿ ಬಿಗಿಯುತ್ತಿದ್ದ.

"ವಸಂತಕ್ಕೆ ನೋಡೋಣ ಸ್ವಾಮಿ," ಎಂದು ಅವನು ಮೇಲಿನಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನನ್ನ ಗಾರೆ ಒಣಗಿಲ್ಲ."